ಆರನೇ ಮಹಡಿಯ ಭಾಷಣ

ಸೂಪರಿಂಟೆಂಡೆಂಟರ ಗಂಟಲು ಕಟ್ಟಿಕೊಂಡಿತು. ನಡೆದದ್ದು ಅಷ್ಟೇ. ಉಳಿದದ್ದೆಲ್ಲ ಅದರ ಬಾಲ ಹಿಡಿದುಕೊಂಡು ಬಂತು.

ಆಸ್ಪತ್ರೆಯ ಉಗ್ರಾಣದಲ್ಲಿ ಯಾವ ಸಾಮಾನು ಎಲ್ಲಿದೆ, ಎಷ್ಟಿದೆ ಎಂದು ತೋರಿಸುವ ಸಾಫ್ಟ್‌ವೇರ್ ಒಂದಿತ್ತು. ಅದನ್ನು ಬಳಸುವವರ ಸಮ್ಮೇಳನ ಅಂದು ಬೆಳಿಗ್ಗೆ ಹನ್ನೊಂದಕ್ಕೆ, ದೊಡ್ಡ ಹೋಟೆಲಿನಲ್ಲಿ. ಅಲ್ಲಿ ಅರ್ಧ ಗಂಟೆ ಮಾತಾಡಬೇಕಿದ್ದ ಸೂಪರಿಂಟೆಂಡೆಂಟರು ಎಂಟೂವರೆಗೆ ಉಗ್ರಾಣದ ಬಾಗಿಲಲ್ಲಿ ನಿಂತು, ಗಾಳಿ ಹೋದ ಸೈಕಲ್ ಟ್ಯೂಬಿನಂಥ ದನಿಯಲ್ಲಿ, "ನೀವೇ ಹೋಗಿ" ಎಂದರು.

ಸ್ಟೋರ್ ಕೀಪರರ ಕೈಯಿಂದ ಕೈಗವಸಿನ ಡಬ್ಬ ಜಾರಿ ಬಿತ್ತು. ಆ ಸಾಫ್ಟ್‌ವೇರಿನ ಜೊತೆ ಒಂಬತ್ತು ವರ್ಷ ಸಂಸಾರ ಮಾಡಿದವರು ಅವರು. ಅದು ಯಾವಾಗ ಮುನಿಸಿಕೊಳ್ಳುತ್ತದೆ, ಯಾವಾಗ ಸುಳ್ಳು ಹೇಳುತ್ತದೆ, ಎಲ್ಲ ಗೊತ್ತು. ಆದರೆ ನಾಲ್ಕು ಜನರ ಮುಂದೆ ಮಾತಾಡುವುದೆಂದರೆ, ತಮ್ಮ ಮದುವೆಯ ದಿನವೂ ಅವರು ಬಾಯಿ ಬಿಟ್ಟವರಲ್ಲ.

"ಸಾರ್, ನಾನು ಹೇಗೆ..."

"...ರನೇ ಮಹಡಿ," ಎಂದು ಉಸುರಿ ಸೂಪರಿಂಟೆಂಡೆಂಟರು ಕೆಮ್ಮುತ್ತ ಹೊರಟೇಹೋದರು.

"ಏನಂದ್ರು? ಮೂರನೇದಾ?"

"ಆರನೇದು," ಎಂದರು ಪಕ್ಕದಲ್ಲಿದ್ದ ಹೆಡ್ ಕ್ಲರ್ಕ್. "ನನ್ನ ಕಿವಿ ಇನ್ನೂ ಚೆನ್ನಾಗಿದೆ ಸ್ವಾಮಿ. ನಾನೂ ಬರ್ತೀನಿ ನಡೀರಿ. ಒಬ್ಬರನ್ನೇ ಬಿಟ್ರೆ ಅರ್ಧ ದಾರೀಲೇ ವಾಪಸ್ ಬಂದುಬಿಡ್ತೀರಿ."

ಹೆಡ್ ಕ್ಲರ್ಕ್ ಆ ಸಾಫ್ಟ್‌ವೇರನ್ನು ಇದುವರೆಗೆ ಒಮ್ಮೆಯೂ ತೆರೆದು ನೋಡಿದವರಲ್ಲ. ಆದರೆ ಸಮ್ಮೇಳನದ ಊಟದ ಬಗ್ಗೆ ಕೇಳಿದ್ದರು.

ಸುದ್ದಿ ಎಕ್ಸ್‌ರೇ ಕೋಣೆಗೂ ಮುಟ್ಟಿತು. ಅಲ್ಲಿನ ಟೆಕ್ನೀಷಿಯನ್ ಒಂದೇ ಗಂಟೆಯಲ್ಲಿ ನಲವತ್ತೆರಡು ಸ್ಲೈಡ್ ತಯಾರಿಸಿ ಲ್ಯಾಪ್‌ಟಾಪ್ ಸಮೇತ ಓಡಿಬಂದ. "ಅಣ್ಣಾ, ಒಂದೊಂದು ಅಕ್ಷರ ಒಂದೊಂದು ದಿಕ್ಕಿನಿಂದ ಹಾರಿ ಬರುತ್ತೆ. ನೀವು ಮಾತೇ ಆಡಬೇಕಿಲ್ಲ, ಬಟನ್ ಒತ್ತುತ್ತಾ ಇರಿ, ಸಾಕು." ಸ್ಟೋರ್ ಕೀಪರರಿಗೆ ಹೋದ ಜೀವ ಬಂದಂತಾಯಿತು.

ಹೋಟೆಲಿನ ಲಿಫ್ಟು ಆರನೇ ಮಹಡಿಯಲ್ಲಿ ಬಾಗಿಲು ತೆರೆಯುವಷ್ಟರಲ್ಲಿ ಕೈಯಲ್ಲೊಂದು ಪಟ್ಟಿ ಹಿಡಿದ ಹೆಣ್ಣುಮಗಳು ಎದುರಿಗೇ ಬಂದಳು.

"ಸಾರ್, ಆಸ್ಪತ್ರೆಯಿಂದ ಬರಬೇಕಾಗಿದ್ದವರು ನೀವೇ ಅಲ್ವಾ? ಸ್ಟೋರ್ಸ್ ಬಗ್ಗೆ ಮಾತಾಡೋರು?"

"ಹೌದಮ್ಮ..."

"ಅಯ್ಯೋ, ಎಲ್ಲಿ ಹೋಗಿಬಿಟ್ಟಿದ್ರಿ! ಬನ್ನಿ ಬನ್ನಿ!"

ಹಿಂಬಾಗಿಲಿನಿಂದ ನೇರವಾಗಿ ವೇದಿಕೆಗೇ ತಳ್ಳಿದಳು. ಕಣ್ಣಿಗೆ ದೀಪ ರಾಚಿತು. ಎದುರಿಗೆ ಮುನ್ನೂರು ತಲೆ. ಲ್ಯಾಪ್‌ಟಾಪಿಗೆ ಸಿಕ್ಕಿಸಲು ತಂದ ವೈರು ಅದರ ತೂತಿಗೆ ಸೇರಲಿಲ್ಲ. ಇನ್ನೊಂದು ತಂದರು, ಅದೂ ಸೇರಲಿಲ್ಲ. ನಲವತ್ತೆರಡು ಸ್ಲೈಡೂ ಹಾರದೆ ಒಳಗೇ ಉಳಿದವು.

"ಪರವಾಗಿಲ್ಲ ಸಾರ್, ಹಾಗೇ ಮಾತಾಡಿ," ಎಂದು ಪಟ್ಟಿಯವಳು ಮೈಕು ಕೈಗಿಟ್ಟಳು.

ಸ್ಟೋರ್ ಕೀಪರರು ಬೆವರೊರೆಸಿಕೊಂಡರು. ಮುಂದಿನ ಸಾಲಿನ ಹೆಂಗಸೊಬ್ಬರ ಬೆರಳಿನ ಗಾಯಕ್ಕೆ ಸುತ್ತಿದ್ದ ಹತ್ತಿ ಕಣ್ಣಿಗೆ ಬಿತ್ತು.

"ನಮ್ಮಲ್ಲಿ ಒಂದ್ಸಲ ಹತ್ತಿ ಖಾಲಿ ಆಯ್ತು," ಎಂದರು ಮೆಲ್ಲಗೆ. "ಕಂಪ್ಯೂಟರ್ ಹಾಗಂತ ಹೇಳ್ತು. ವಾರ್ಡಿನಿಂದ ನರ್ಸಮ್ಮ ಅಳ್ತಾ ಬಂದ್ರು. ಹಿಂದೆ ತಿರುಗಿ ನೋಡಿದ್ರೆ ಕಪಾಟಿನಲ್ಲಿ ಇನ್ನೂರು ಸುರುಳಿ! ಒಬ್ಬರು 'ಹತ್ತಿ' ಅಂತ ಬರೆದಿದ್ರು, ಇನ್ನೊಬ್ಬರು 'ಕಾಟನ್' ಅಂತ, ಮತ್ತೊಬ್ಬರು 'ಕಾಟನ್ ರೋಲ್' ಅಂತ. ಅದಕ್ಕೇನು ಗೊತ್ತು ಪಾಪ, ಮೂರೂ ಒಂದೇ ಅಂತ? ಅವತ್ತಿಂದ ನಾನು ಪ್ರತಿ ಶುಕ್ರವಾರ ವಾರ್ಡ್ ವಾರ್ಡಿಗೆ ಹೋಗಿ, ಯಾವುದನ್ನ ನೀವು ಏನಂತ ಕರೀತೀರಿ ಅಂತ ಕೇಳ್ಕೊಂಡು ಬರ್ತೀನಿ."

ಹಿಂದಿನ ಸಾಲಿನವರು ಕುರ್ಚಿಯ ತುದಿಗೆ ಬಂದಿದ್ದರು. ಸ್ಟೋರ್ ಕೀಪರರು ಮೈಕನ್ನೂ ಮುನ್ನೂರು ತಲೆಯನ್ನೂ ಮರೆತರು. ಪರದೆಯ ಮೇಲಿನ ಸಾಲು ಹೇಗಿದೆಯೋ ಕಪಾಟನ್ನೂ ಹಾಗೇ ಜೋಡಿಸಿದ್ದು, ಜೀವ ಉಳಿಸುವ ಸಾಮಾನನ್ನು ಮೊದಲು ಕೊಟ್ಟು ಆಮೇಲೆ ಬರೆದುಕೊಳ್ಳುವುದು, ಎಲ್ಲವನ್ನೂ ಹೇಳಿದರು.

ಒಬ್ಬ ಎದ್ದು ಕೇಳಿದ: "ಸಾರ್, ಸೇವ್ ಒತ್ತಿದ್ರೂ ಕೆಲವು ಸಲ ಸೇವ್ ಆಗಿರೋದೇ ಇಲ್ಲ. ನೀವೇನು ಮಾಡ್ತೀರಿ?"

"ಎದ್ದು ಹೋಗಿ ನೀರು ಕುಡಿದು ಬರ್ತೀನಿ. ಬಂದು ಇನ್ನೊಂದ್ಸಲ ನೋಡಿ, ಆಮೇಲೇ ನಂಬ್ತೀನಿ."

ಸಭೆ ಗೊಳ್ಳೆಂದಿತು. ಕೊನೆಗೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬೆರಳಿಗೆ ಹತ್ತಿ ಸುತ್ತಿಕೊಂಡಿದ್ದವರು ಆ ಕೈಯಿಂದಲೇ ತಟ್ಟಿದರು. ವರ್ಷದ ಅತ್ಯುತ್ತಮ ಬಳಕೆದಾರನಿಗೆಂದು ಇಟ್ಟಿದ್ದ ಗಾಜಿನ ಫಲಕವನ್ನು ಅಲ್ಲೇ ಸ್ಟೋರ್ ಕೀಪರರ ಕೈಗಿತ್ತರು. ಹೆಡ್ ಕ್ಲರ್ಕ್ ಫೋಟೋ ತೆಗೆದದ್ದೇ ತೆಗೆದದ್ದು.

ವಾಪಸ್ ಬರುವಾಗ ಆಟೋದಲ್ಲಿ ಸ್ಟೋರ್ ಕೀಪರರು ಫಲಕವನ್ನು ಕರವಸ್ತ್ರದಲ್ಲಿ ಒರೆಸಿ ಓದಿದರು. ಇನ್ನೊಮ್ಮೆ ಓದಿದರು.

"ಸ್ವಾಮೀ, ಇದು ನಮ್ಮ ಸಾಫ್ಟ್‌ವೇರ್ ಅಲ್ಲ!"

"ಮತ್ತೆ?"

"ಬೇರೆ ಕಂಪನೀದು! ಅವರೂ ಯಾವುದೋ ಆಸ್ಪತ್ರೆಯವರಿಗೆ ಕಾಯ್ತಿದ್ರೇನೋ! ನಮ್ಮೋರ ಸಮ್ಮೇಳನ ಮೂರನೇ ಮಹಡೀಲಿ ಇತ್ತು ಅನ್ಸುತ್ತೆ!"

"ಊಟ ಮಾತ್ರ ಚೆನ್ನಾಗಿತ್ತು," ಎಂದರು ಹೆಡ್ ಕ್ಲರ್ಕ್. "ಫೋಟೋ ಎಲ್ಲಾ ಸಾಹೇಬ್ರಿಗೆ ಆಗಲೇ ಕಳಿಸಿಬಿಟ್ಟೆ."

ಆಸ್ಪತ್ರೆಯ ಮೆಟ್ಟಿಲ ಮೇಲೇ ಸೂಪರಿಂಟೆಂಡೆಂಟರು ಕಾಯುತ್ತಿದ್ದರು. ಸಂತೋಷಕ್ಕೆ ಅವರ ಗಂಟಲೂ ಅರ್ಧ ತೆರೆದಿತ್ತು.

"ಸಾರ್, ಅದು ತಪ್ಪಿ..."

"ಈ ವಿನಯ ಬೇಡ ಬಿಡಿ! ಆ ಕಂಪನಿಯ ಎಂಡಿಯೇ ಫೋನ್ ಮಾಡಿದ್ರು. ಇಂಥಾ ಮನುಷ್ಯ ನಿಮ್ಮಲ್ಲಿ ಇದ್ದಾರಲ್ಲ, ಪುಣ್ಯ ಮಾಡಿದ್ದೀರಿ ಅಂದ್ರು. ನಮ್ಮ ಹಳೇ ಕಂಪನಿಯೋರೂ ಮಾಡಿದ್ರು, ಬರೋರು ಬರಲೇ ಇಲ್ಲ ಅಂತ ಬೈಯೋಕೆ. ಬೈಯೋರ ಸಹವಾಸ ಸಾಕು. ಇವರದ್ದನ್ನೇ ಹಾಕಿಸಿಬಿಟ್ಟಿದ್ದೀನಿ. ನಾಳೆಯಿಂದ ಎಲ್ಲರಿಗೂ ನೀವೇ ಕಲಿಸಬೇಕು."

ಉಗ್ರಾಣದ ಕಂಪ್ಯೂಟರಿನಲ್ಲಿ ಹೊಸ ಪರದೆ ನಗುತ್ತಿತ್ತು. ಒಂಬತ್ತು ವರ್ಷದಲ್ಲಿ ಕಲಿತ ಯಾವ ಗುಂಡಿಯೂ ಅದರಲ್ಲಿ ಮೊದಲಿದ್ದ ಜಾಗದಲ್ಲಿರಲಿಲ್ಲ. ಸ್ಟೋರ್ ಕೀಪರರು ಅರ್ಧ ಗಂಟೆ ಒದ್ದಾಡಿ, ಒಂದು ಡಬ್ಬ ಕೈಗವಸನ್ನೂ ಒಳಗೆ ಸೇರಿಸಲಾಗದೆ, ಕೊನೆಗೆ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದರು.

"ಏನೂ ತಿಳೀತಿಲ್ಲ ತಾಯಿ. ಎಲ್ಲಿಂದ ಶುರು ಮಾಡ್ಲಿ?"

"ಹೊಸಬರಾ ಸಾರ್? ಹೆದರಬೇಡಿ," ಎಂದಿತು ಆ ಕಡೆಯ ಮೃದುವಾದ ದನಿ. "ಇವತ್ತು ಬೆಳಿಗ್ಗೆ ನಮ್ಮ ಸಮ್ಮೇಳನದಲ್ಲಿ ಒಬ್ಬರು ಅದ್ಭುತವಾಗಿ ಮಾತಾಡಿದ್ದಾರೆ. ವಿಡಿಯೋ ಕಳಿಸ್ತೀನಿ. ಅವರು ಹೇಳಿದ ಹಾಗೇ ಮಾಡಿ ಸಾರ್, ಎಲ್ಲಾ ಬರುತ್ತೆ."