ಹಾಡು ಇನ್ನೂ ಶುರುವಾಗಿಲ್ಲ

ಬಾಯಿ ಬಿಡಬೇಕಾದ ಕಡೆ ಬಿಡುವುದಿಲ್ಲವಾದ್ದರಿಂದ ಇಂಥವೆಲ್ಲ ನನ್ನ ಪಾಲಿಗೇ ಬರುತ್ತವೆ. ಓದಿದ್ದು ಇಂಗ್ಲಿಷ್ ಮೀಡಿಯಂ. ಎರಡು ಭಾಷೆಯಲ್ಲಿ ಸುಮ್ಮನಿರುವುದನ್ನು ಕಲಿತೆ. ಈಚೆಗೆ ಮೊದಲ ಆಲ್ಬಮ್ ಮಾಡಿದೆ: ನಿಧಾನಕ್ಕೆ ಏರುವ ಪೋಸ್ಟ್‌ರಾಕ್ ಗಿಟಾರ್ ನನ್ನದು, ಅದರ ಮೇಲೆ ಯಾರ ಮಾತೂ ಕೇಳದ ಜಾಝ್ ಥರದ ಕ್ಲಾರಿನೆಟ್. ಅದು ಜಗಳೂರಿನ ಮದುವೆ ಬ್ಯಾಂಡಿನ ಚಾಚಾ ಒಬ್ಬರದು.

ಚನ್ನಗಿರಿ

ನಮ್ಮನೆ ಮಹಡಿಯಲ್ಲಿ ರೆಕಾರ್ಡಿಂಗ್. ಚಾಚಾ ಪೀಂ, ಕೀಂ, ಗೊರ್ ಅಂತ ನಲವತ್ತು ನಿಮಿಷ ಏನೇನೋ ಊದಿದರು. ಮೈ ಜುಮ್ಮೆಂದಿತು. ನನಗೆ ಬೇಕಾದದ್ದು ಅದೇ. "ಸಾಕು ಚಾಚಾ" ಎಂದು ರೆಕಾರ್ಡರ್ ನಿಲ್ಲಿಸಿದೆ.

"ಹೌದು ಬೇಟಿ, ಶ್ರುತಿ ಕೂಡ್ತು. ಈಗ ಹಾಡು ನುಡಿಸ್ತೀನಿ. ನಮ್ಮಪ್ಪ ಕಲಿಸಿದ್ದು. ಯಾವ ಮದುವ್ಯಾಗೂ ಪೂರ್ತಿ ಕೇಳಿದೋರಿಲ್ಲ" ಎಂದು ಕಣ್ಣು ಮುಚ್ಚಿ ನುಡಿಸತೊಡಗಿದರು.

ರೆಕಾರ್ಡರ್ ಆಫ್ ಇತ್ತು. ಒತ್ತಿದರೆ ಟಿಕ್ ಅನ್ನುತ್ತದೆ; ಅದಕ್ಕೂ ನನಗೆ ಸಂಕೋಚ. ಮುಗಿಸಿ, "ಬಂತಾ ಬೇಟಿ?" ಅಂದರು.

"ಬಂತು ಚಾಚಾ." ಸುಳ್ಳಲ್ಲ. ಕಣ್ಣಲ್ಲಿ ನೀರು ಬಂದಿತ್ತು.

ಹೊನ್ನಾಳಿ

ಬಿಡುಗಡೆ ಒಂದು ಸಮುದಾಯ ಭವನದಲ್ಲಿ. ಚಾಚಾಗೆ ಅವತ್ತು ಮದುವೆ ಆರ್ಡರ್, ಬರಲಿಲ್ಲ. ನನ್ನ ಗಿಟಾರಿನ ಗುಂಯ್ ಸದ್ದು ಐದು ನಿಮಿಷ ಏರುತ್ತ ಹೋಗಬೇಕು. ನಡುವೆಯೇ ನಿಂತಿತು. ಮೈಕ್‌ಸೆಟ್ ಅಣ್ಣ ಬೆವರು ಒರೆಸಿಕೊಳ್ಳುತ್ತ ಓಡಿ ಬಂದರು.

"ಸಾರಿ ಮೇಡಂ, ಅವಾಗಿಂದ ಗುಂಯ್ ಅಂತಿತ್ತು. ಈಗ ಕ್ಲೀನ್ ಐತೆ ನೋಡ್ರಿ."

"ಥ್ಯಾಂಕ್ಸ್ ಅಣ್ಣ" ಅಂದೆ. ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಅವರಿಗೆ.

ನ್ಯಾಮತಿ

ಅತ್ತೆಯ ಫೋನು: "ನಿನ್ನ ಹಾಡು ಕಟ್ ಕಟ್ ಆಗ್ತೈತಲ್ಲೇ! ಗೋವಿನಕೋವಿ ರಸ್ತೆ ತನಕ ನಡ್ಕೊಂಡು ಬಂದೆ, ಆದ್ರೂ ಹಂಗೇ ಐತೆ."

ಹಾಡೇ ಹಾಗೆ ಅನ್ನಲು ಬಾಯಿ ಬರಲಿಲ್ಲ. "ನೆಟ್‌ವರ್ಕ್ ಇಲ್ಲ ಅತ್ತೆ" ಅಂದುಬಿಟ್ಟೆ.

ಅತ್ತೆ ಮರುದಿನ ಸಿಮ್ ಬದಲಾಯಿಸಿದರು.

ಜಗಳೂರು

ಚಾಚಾಗೆ ನಿಜ ಹೇಳಿಬಿಡೋಣವೆಂದು ಬಸ್ ಹತ್ತಿದೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಹೋದರೆ ಬ್ಯಾಂಡಿನವರೆಲ್ಲ ಅವರ ಮನೆಯಲ್ಲಿ ಸೇರಿದ್ದಾರೆ, ಒಗೆದ ಅಂಗಿ ಹಾಕಿಕೊಂಡು. ಫೋನಿಗೆ ಸ್ಪೀಕರ್ ಜೋಡಿಸಿ ಆಲ್ಬಮ್ ಹಾಕಿದರು. ನಲವತ್ತು ನಿಮಿಷ ಒಬ್ಬರೂ ಕೆಮ್ಮಲಿಲ್ಲ. ಪೂರ್ತಿ ಮುಗಿದ ಮೇಲೆ ಚಾಚಾ ಸರಿಯಾಗಿ ಚಕ್ಕಳಮಕ್ಕಳ ಹಾಕಿ ಕೂತರು.

"ಶ್ರುತಿ ಮಸ್ತ್ ಕೂಡೈತೆ ಬೇಟಿ. ಈಗ ನಮ್ಮಪ್ಪನ ಹಾಡು ಹಾಕು."

ಬಾಯಿಪಾಠ ಮಾಡಿದ್ದು ಗಂಟಲ ತನಕ ಬಂತು. ಹೊರಗೆ ಬಂದದ್ದು ಬೇರೆ. "ನೆಟ್‌ವರ್ಕ್ ಇಲ್ಲ ಚಾಚಾ."

ಚಾಚಿ ಚಹಾ ಇಡುತ್ತ ನಕ್ಕರು. "ಐತಲ್ಲವ್ವಾ! ಆ ಹಾಡು ಕೇಳಾಕಂತಾನೇ ನಿನ್ನೆ ವೈಫೈ ಹಾಕ್ಸೀವಿ."