ಕೊಟೇಶನ್ ಸಾಹೇಬರು ಟಿವಿಗೆ ಕಡ್ಡಿ ಸಿಕ್ಕಿಸಿದ್ದು

"ನನಗೆ ಟೋಪಿ ಹಾಕೋ ಅಂಗಡಿಯವನು ಈ ಭೂಮಿ ಮೇಲೆ ಇನ್ನೂ ಹುಟ್ಟಿಲ್ಲ!"

ಹೀಗೆಂದು ಕೊಟೇಶನ್ ಸಾಹೇಬರು ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿದ ಗಳಿಗೆಯಲ್ಲೇ ಅವರ ಗ್ರಹಚಾರ ಶುರುವಾಯಿತು. ಅದು ಅವರಿಗೆ ಗೊತ್ತಾಗಲು ಮಾತ್ರ ಇನ್ನೂ ನಾಲ್ಕು ವಾರ ಹಿಡಿಯಿತು.

ಸಾಹೇಬರ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಬಳಕೆಯಲ್ಲಿಲ್ಲ. ದೊಡ್ಡ ಆಸ್ಪತ್ರೆಯೊಂದರ ಖರೀದಿ ವಿಭಾಗದಲ್ಲಿ ಇಪ್ಪತ್ತು ವರ್ಷದಿಂದ ಕೂತಿದ್ದಾರೆ. ಹತ್ತಿಯ ಉಂಡೆಯಿಂದ ಹಿಡಿದು ಲಿಫ್ಟಿನವರೆಗೆ ಏನೇ ಬೇಕಾದರೂ ಮೂರು ಕಡೆಯಿಂದ ಕೊಟೇಶನ್ ತರಿಸಿ, ಗೆರೆ ಎಳೆದ ಹಾಳೆಯಲ್ಲಿ ಅಕ್ಕಪಕ್ಕ ಬರೆದು, ತೂಗಿ ನೋಡಿ, ಎಲ್ಲಕ್ಕಿಂತ ಅಗ್ಗದ್ದಕ್ಕೆ ಟಿಕ್ ಹಾಕುವುದು ಅವರ ಕೆಲಸ. ಅದು ಆಫೀಸಿನಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ಅವರ ಹಿಂದೆಯೇ ಮನೆಗೂ ಬಂತು. ಬಚ್ಚಲಿನ ಮಗ್ಗಿಗೂ ಮೂರು ಕೊಟೇಶನ್! ಮದುವೆಯೊಂದನ್ನು ಮಾತ್ರ ಯಾವ ಹೋಲಿಕೆಯ ಪಟ್ಟಿಯೂ ಇಲ್ಲದೆ, ಮೊದಲ ನೋಟಕ್ಕೇ ಮುಗಿಸಿದ್ದರು. ಅವರ ಇಡೀ ಬದುಕಿನಲ್ಲಿ ಅದೇ ಒಳ್ಳೆಯ ಖರೀದಿ ಎಂದು ಹೆಂಡತಿ ಆಗಾಗ ನೆನಪಿಸುತ್ತಿದ್ದರು.

ಈ ಹೆಂಡತಿ ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಟೀಚರು. ಅವತ್ತು ಬೆಳಿಗ್ಗೆ ಆಕೆ ಒಂದು ಸುದ್ದಿ ಹೇಳಿದ್ದರು. ಮುಂದಿನ ತಿಂಗಳ ಮೊದಲ ಭಾನುವಾರ ಹತ್ತು ಗಂಟೆಗೆ, ಇಂಟರ್ನೆಟ್ಟಿನಲ್ಲಿ ದೊಡ್ಡ ವಿಜ್ಞಾನಿಯೊಬ್ಬರು ಶನಿಗ್ರಹದ ಉಂಗುರಗಳ ಬಗ್ಗೆ ಒಂದು ಗಂಟೆ ಮಾತಾಡುತ್ತಾರೆ. ಅದನ್ನು ಸನ್ನೆ ಭಾಷೆಯಲ್ಲಿ ಹೇಳುವವರು ಇವರು!

"ಪರದೆಯ ಮೂಲೆಯಲ್ಲಿ ಒಂದು ಪುಟ್ಟ ವೃತ್ತ ಇರುತ್ತಲ್ಲ, ಅದರೊಳಗೆ ನಾನು. ಒಂದೇ ಸಲ ಬರೋದು, ಆಮೇಲೆ ಎಲ್ಲೂ ಇಡಲ್ವಂತೆ. ಫೋನಲ್ಲಿ ನೋಡಿದ್ರೆ ನಾನು ಕಡಲೆಕಾಳಷ್ಟು ಕಾಣ್ತೀನಿ. ಅಪ್ಪನಿಗೆ ನನ್ನ ಕೈ ಸರಿಯಾಗಿ ಕಾಣ್ಬೇಕು. ಟಿವಿಯಲ್ಲೇ ಇಂಟರ್ನೆಟ್ ತೋರಿಸೋಕೆ ಹಿಂದೆ ಸಿಕ್ಕಿಸೋ ಕಡ್ಡಿ ಬರುತ್ತಲ್ಲ, ಅದೊಂದು ತಗೊಂಡ್ಬನ್ನಿ. ಎದುರು ಅಂಗಡಿಯಲ್ಲೇ ಇದೆ."

ಹೆಂಡತಿಯ ಅಪ್ಪ, ಅಂದರೆ ಸಾಹೇಬರ ಮಾವ, ಹುಟ್ಟಿನಿಂದಲೇ ಕಿವಿ ಕೇಳದವರು. ಛಾಪಖಾನೆಯಲ್ಲಿ ಪುಸ್ತಕ ಹೊಲಿಯುವ ಕೆಲಸ ಮಾಡಿ ನಿವೃತ್ತರಾಗಿದ್ದಾರೆ. ಮಗಳು ನಾಲಿಗೆಯಿಂದ ಮಾತು ಕಲಿಯುವ ಮೊದಲೇ ಅವರ ಕೈ ನೋಡಿ ಕೈಯಿಂದ ಮಾತು ಕಲಿತಿದ್ದಳು.

ಹೆಂಡತಿ ದನಿ ತಗ್ಗಿಸಿದರು. "ಕೊನೆಯಲ್ಲಿ ನನಗೆ ಅಂತ ಅರ್ಧ ನಿಮಿಷ ಕೊಟ್ಟಿದ್ದಾರೆ. ಈ ಭಾಷೆ ಯಾರು ಕಲಿಸಿದ್ರು ಅಂತ ಹೇಳ್ಬಹುದಂತೆ. ಅಪ್ಪನಿಗೆ ಹೇಳಿಲ್ಲ, ಅಲ್ಲೇ ನೋಡಲಿ ಅಂತ. ನೀವೂ ಬಾಯಿ ಬಿಡಬೇಡಿ."

"ನನಗೆ ಸನ್ನೆನೇ ಬರಲ್ಲ. ಬಾಯಿ ಬಿಟ್ಟರೂ ಅವರಿಗೇನು ಗೊತ್ತಾಗುತ್ತೆ?" ಎಂದು ಸಾಹೇಬರು ನಕ್ಕರು. ಹೆಂಡತಿ ನಗಲಿಲ್ಲ. ಮದುವೆಯಾಗಿ ಹದಿನೈದು ವರ್ಷವಾಗಿತ್ತು.

ನಿಜ ಹೇಳಬೇಕೆಂದರೆ ಸಾಹೇಬರಿಗೆ ಸನ್ನೆ ಭಾಷೆಯಲ್ಲಿ ಊಟ, ಕಾಫಿ, ಬನ್ನಿ, ಹೋಗಿ ಇಷ್ಟು ಬರುತ್ತಿತ್ತು. ಜೊತೆಗೆ ನಾಲ್ಕು ಹೆಸರು. ಈ ಭಾಷೆಯವರು ಹತ್ತಿರದವರಿಗೆಲ್ಲ ಒಂದೊಂದು ಸನ್ನೆಯ ಹೆಸರು ಇಡುತ್ತಾರೆ. ಮಾವನ ಹೆಸರೆಂದರೆ ಎಡಗೈಯ ಅಂಗೈಯಿಂದ ಬಲಗೈ ದಾರ ಎಳೆದಂತೆ ಮೇಲೇಳುವುದು. ಹೆಂಡತಿಯದು ಕೆನ್ನೆಯ ಗುಳಿಗೆ ಬೆರಳು. ಮಗಳದು ಎರಡು ಜಡೆ. ಸಾಹೇಬರಿಗೆ ಮಾವ ಮದುವೆಯ ದಿನವೇ ಇಟ್ಟ ಹೆಸರು, ಮೀಸೆ ತಿರುವುವುದು! ಈ ಗೌರವಕ್ಕೆ ಕುಂದು ಬರಬಾರದೆಂದು ಸಾಹೇಬರು ಅಂದಿನಿಂದ ಮೀಸೆಯನ್ನು ಸಾಕುತ್ತ ಬಂದಿದ್ದರು.

ಕಡ್ಡಿಯ ಖರೀದಿ ಅಂದೇ ಆರಂಭವಾಯಿತು. ಮೂರು ಕೊಟೇಶನ್ ಹನ್ನೊಂದಾದವು. ಹಾಳೆಗೆ ಹಾಳೆ ಅಂಟಿಸಿದ ಪಟ್ಟಿ ಊಟದ ಮೇಜಿನ ಆಚೆಗೆ ಜೋತುಬಿತ್ತು. ಚಿತ್ರದ ಸ್ಪಷ್ಟತೆ, ವಾರಂಟಿ, ತಂತಿಯ ಉದ್ದ, ತೂಕ...

"ತೂಕ ಯಾಕಪ್ಪಾ?" ಎಂದು ಹದಿಮೂರು ವರ್ಷದ ಮಗಳು ಕೇಳಿದಳು.

"ಟಿವಿ ಹಿಂದೆ ನೇತಾಡುತ್ತಲ್ಲ, ಭಾರಕ್ಕೆ ಟಿವಿ ವಾಲಿದ್ರೆ?"

ಎದುರು ಅಂಗಡಿಯವನಂತೂ ಸಾಹೇಬರ ತಲೆ ಕಂಡರೆ ಮುಂದಿನ ಗಿರಾಕಿಯ ಬಿಲ್ಲಿನೊಳಗೆ ಮುಖ ಹುದುಗಿಸುತ್ತಿದ್ದ. ಒಂದು ದಿನ ಕೆಳಮನೆಯ ಹಲ್ಲಿನ ಡಾಕ್ಟರಮ್ಮ ಮೆಟ್ಟಿಲಲ್ಲಿ ಸಿಕ್ಕಿ, "ನಾನು ಆ ಕಡ್ಡೀನ ಎದುರಂಗಡಿಯಲ್ಲೇ ತಗೊಂಡೆ ಸಾರ್, ಹತ್ತು ನಿಮಿಷದಲ್ಲಿ ಕೆಲಸ ಆಯ್ತು" ಎಂದರು.

"ಎಷ್ಟು ಕೊಟೇಶನ್ ತಗೊಂಡ್ರಿ?"

"ಕೊಟೇಶನ್ನಾ? ಕಡ್ಡಿಗಾ?"

"ಹಾಗಾದ್ರೆ ನಿಮಗೆ ಚೆನ್ನಾಗಿ ಟೋಪಿ ಹಾಕಿದ್ದಾರೆ ಬಿಡಿ!" ಎಂದು ಸಾಹೇಬರು ಮೀಸೆ ತಿರುವಿ ಮೆಟ್ಟಿಲು ಹತ್ತಿದರು. ಇತರರ ಅಜ್ಞಾನ ಕಂಡಾಗ ಅವರಿಗೆ ಎಂಥದೋ ಉಲ್ಲಾಸ.

ಕೊನೆಗೆ ಗೆದ್ದದ್ದು ಹನ್ನೊಂದನೆಯದು. ಎಲ್ಲಕ್ಕಿಂತ ಅಗ್ಗ. ಅದರ ಕಂಪನಿಯ ಹೆಸರನ್ನು ಮನೆಯಲ್ಲಿ ಯಾರೂ ಒಂದೇ ಉಸಿರಿಗೆ ಓದಲಾರರು. ಅದಕ್ಕೆ ರಿಮೋಟ್ ಇಲ್ಲ. "ಫೋನೇ ರಿಮೋಟು! ಇರೋ ವಸ್ತುವನ್ನ ಎರಡು ಸಲ ಯಾಕೆ ಕೊಳ್ಳಬೇಕು?" ಎಂದರು ಸಾಹೇಬರು. ಅದು ಅಂಚೆಯಲ್ಲಿ ಬಂದು ತಲುಪಿದ್ದು ಶನಿವಾರ ಸಂಜೆ, ಕಾರ್ಯಕ್ರಮದ ಹಿಂದಿನ ದಿನ.

"ಸದ್ಯ ಬಂತಲ್ಲ. ಈಗಲೇ ಹಾಕಿ ನೋಡಿಬಿಡಿ" ಎಂದರು ಹೆಂಡತಿ.

"ಸೀಲ್ ಒಡೆಯೋದು ಅಂದ್ರೆ ಸುಮ್ನೆನಾ? ಯಾರಿಗಾಗಿ ಖರೀದಿ ಆಗಿದೆಯೋ ಅವರ ಎದುರಿಗೇ ಒಡೀಬೇಕು. ಅದು ನಿಯಮ. ನಾಳೆ ಮಾವನವರ ಸಮಕ್ಷಮದಲ್ಲಿ ಉದ್ಘಾಟನೆ!"

"ಇದು ಆಸ್ಪತ್ರೆ ಅಲ್ಲ ಕಣ್ರೀ."

"ನಿಯಮಕ್ಕೆ ಮನೆ ಬೇರೆ, ಆಸ್ಪತ್ರೆ ಬೇರೆ ಅಂತ ಇದೆಯಾ?"

ಭಾನುವಾರ ಎಂಟಕ್ಕೆ ಹೆಂಡತಿ ಕಡುನೀಲಿ ಬಟ್ಟೆ ಉಟ್ಟು ಹೊರಟರು. ಕೈ ಎದ್ದು ಕಾಣಲೆಂದು ಹೂವು ಬಳ್ಳಿ ಏನೂ ಇಲ್ಲದ ಬಟ್ಟೆ. ಬಾಗಿಲಲ್ಲಿ ತಿರುಗಿ ನಿಂತು, "ನೀವು ನೋಡದಿದ್ರೂ ಪರವಾಗಿಲ್ಲ. ಅಪ್ಪ ನೋಡಿದ್ರೆ ಸಾಕು" ಎಂದರು. "ಎಲ್ಲಾ ನನಗೆ ಬಿಡು!" ಎಂದರು ಸಾಹೇಬರು. ಪಾಪ, ಆಕೆ ಬಿಟ್ಟು ಹೋದರು.

ಒಂಬತ್ತಕ್ಕೆ ಮಾವ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೊಳೆಯುವ ಬೂಟು, ಜೇಬಿನಲ್ಲಿ ತಾವೇ ಹೊಲಿದ ಪುಟ್ಟ ಪುಸ್ತಕ. ಸನ್ನೆ ಬಾರದವರೊಡನೆ ಅದರಲ್ಲಿ ಬರೆದು ಮಾತಾಡುತ್ತಿದ್ದರು. ಅಂಥವರಲ್ಲಿ ಅಳಿಯನೇ ಮೊದಲಿಗ. ಟಿವಿಯ ನಟ್ಟನಡುವೆ ಕುರ್ಚಿ ಎಳೆದುಕೊಂಡು, ಕನ್ನಡಕವನ್ನು ಎರಡು ಸಲ ಒರೆಸಿ ಕೂತರು.

ಸಾಹೇಬರು ಡಬ್ಬಿಯನ್ನು ಎತ್ತಿ ತೋರಿಸಿ, ಸೀಲ್ ಒಡೆದು, ಮುಚ್ಚಳದ ಮೇಲೆ ತಾರೀಖು ಬರೆದು ಸಹಿ ಹಾಕಿದರು. ಕಡ್ಡಿ ಸಿಕ್ಕಿಸುವ ತೂತು ಟಿವಿಯ ಹಿಂದೆ, ಗೋಡೆಯ ಕಡೆಗಿತ್ತು. ಟಿವಿಯನ್ನು ತಿರುಗಿಸಿದರು. ಕಡ್ಡಿಯ ತಂತಿ ಪ್ಲಗ್ಗಿಗೆ ಎಟುಕಲಿಲ್ಲ. ಪಟ್ಟಿಯಲ್ಲಿ 'ತಂತಿಯ ಉದ್ದ: ಸಾಕು' ಎಂದು ಅವರದೇ ಕೈಬರಹವಿತ್ತು! ಮೇಜು, ಟಿವಿ, ಮಾವನ ಕುರ್ಚಿ ಎಲ್ಲವೂ ಬಾಗಿಲ ಬಳಿಯ ಪ್ಲಗ್ಗಿನತ್ತ ಮೆರವಣಿಗೆ ಹೊರಟವು. ಆಮೇಲೆ ಪರದೆಯ ಮೇಲೆ ಎಂಟು ಅಕ್ಷರಗಳು ಮೂಡಿದವು. ಅವನ್ನು ಫೋನಿಗೆ ತುಂಬಬೇಕು. ಸಾಹೇಬರು ಕನ್ನಡಕ ಹುಡುಕಿ ತರುವಷ್ಟರಲ್ಲಿ ಅವು ಮಾಯವಾಗಿ ಬೇರೆ ಎಂಟು ಬಂದವು. ನಾಲ್ಕನೆಯ ಸಲಕ್ಕೆ ಫೋನೂ ಕಡ್ಡಿಯೂ ಕೈ ಹಿಡಿದವು. ಆ ಖುಷಿಯಲ್ಲಿ ಸಾಹೇಬರು ಒಂದು ಗುಂಡಿಯನ್ನು ಜಾಸ್ತಿ ಒತ್ತಿದರು. ಇಡೀ ಪರದೆ ಮೂವರೂ ಹುಟ್ಟಿದಾಗಿನಿಂದ ಕಾಣದ ಯಾವುದೋ ಲಿಪಿಗೆ ತಿರುಗಿತು. ಅದರಲ್ಲೇ ಏನೋ ಪ್ರಶ್ನೆ, ಕೆಳಗೆ ಎರಡು ಗುಂಡಿ.

"ಅಪ್ಪಾ, ಹೌದು ಅನ್ನೋದು ಯಾವುದು?"

"ಮೇಲಿಂದು ಯಾವಾಗಲೂ ಹೌದು ಅಂತಲೇ ಇರುತ್ತೆ!"

ಒತ್ತಿದರು. ಕಪ್ಪು ಪರದೆಯ ನಡುವೆ ಒಂದು ಬಿಳಿಯ ಉಂಗುರ ಮೂಡಿ ಸುತ್ತತೊಡಗಿತು. ಕೆಳಗೆ ಶೇಕಡಾ ಎರಡು. ಗಡಿಯಾರದಲ್ಲಿ ಹತ್ತಕ್ಕೆ ಐದು ನಿಮಿಷ. ಕಡ್ಡಿ ತನ್ನನ್ನು ತಾನೇ ಹೊಸದು ಮಾಡಿಕೊಳ್ಳುತ್ತಿತ್ತು. ಮುಗಿಯುವವರೆಗೆ ಮುಟ್ಟಬಾರದೆಂಬಂತೆ ಫೋನಿನಲ್ಲಿಯೂ ಅದೇ ಉಂಗುರ ತಿರುಗುತ್ತಿತ್ತು.

ಹತ್ತಾಯಿತು. ಹತ್ತೂಕಾಲಾಯಿತು. ಶೇಕಡಾ ಹದಿನೇಳು. ಮಾವ ಕದಲದೆ ಪರದೆಯನ್ನೇ ನೋಡುತ್ತಿದ್ದರು. ಆಮೇಲೆ ಜೇಬಿನ ಪುಸ್ತಕ ತೆಗೆದು ಬರೆದು ಅಳಿಯನ ಮುಂದೆ ಹಿಡಿದರು: 'ಶನಿಯ ಉಂಗುರ ಬಹಳ ಸ್ಪಷ್ಟವಾಗಿದೆ. ನನ್ನ ಮಗಳು ಯಾವಾಗ ಬರುತ್ತಾಳೆ?'

ಇಷ್ಟು ಹೊತ್ತೂ ಮುದುಕರು ಅದನ್ನೇ ಕಾರ್ಯಕ್ರಮ ಎಂದುಕೊಂಡು ಶ್ರದ್ಧೆಯಿಂದ ನೋಡಿದ್ದರು! ಸಾಹೇಬರು ಪೆನ್ನು ತೆಗೆದುಕೊಂಡು 'ಈಗ ಬರುತ್ತಾಳೆ' ಎಂದು ಬರೆದರು.

ಮಗಳು ತಾಳ್ಮೆಗೆಟ್ಟಳು. "ಅಪ್ಪಾ, ಇದನ್ನ ನಿಲ್ಲಿಸಿ. ನಿಮ್ಮ ಫೋನಲ್ಲೇ ನೋಡೋಣ. ತಾತನದು ಗುಂಡಿ ಫೋನು, ನನಗೆ ನೀವು ಕೊಡಿಸಿಲ್ಲ."

"ಮುಟ್ಟಬೇಡ! ಅರ್ಧಕ್ಕೆ ನಿಲ್ಲಿಸಿದ್ರೆ ವಾರಂಟಿ ಹೋಗುತ್ತೆ!"

"ಹಾಗಾದ್ರೆ ಡಾಕ್ಟರಮ್ಮನ ಮನೆಗೆ ಹೋಗೋಣ."

ಆ ಮೆಟ್ಟಿಲು, ಆ ಟೋಪಿಯ ಮಾತು, ಆ ಮೀಸೆ ತಿರುವಿದ್ದು ಎಲ್ಲವೂ ಸಾಹೇಬರ ಕಣ್ಣ ಮುಂದೆ ಬಂದವು. "ಇನ್ನೇನು ಆಗಿಹೋಯ್ತು, ಐದೇ ನಿಮಿಷ" ಎಂದರು. ಈ ಐದು ನಿಮಿಷವನ್ನು ಅವರು ಐದು ಸಲ ಹೇಳಿದರು. ಅವರು ಕೆಟ್ಟವರಲ್ಲ. ಸೋತೆ ಎಂದು ಒಪ್ಪಿಕೊಳ್ಳಲು ಅವರಿಗೆ ಯಾವಾಗಲೂ ಇನ್ನೊಂದು ಕೊಟೇಶನ್ ಬೇಕಾಗುತ್ತಿತ್ತು, ಅಷ್ಟೆ.

ಹತ್ತು ಐವತ್ತಾರಕ್ಕೆ ಶೇಕಡಾ ಅರವತ್ತೊಂದರಲ್ಲಿ ಉಂಗುರ ನಿಂತೇಹೋಯಿತು. ಮಾವ ನಿಧಾನವಾಗಿ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಅದನ್ನು ನೋಡಲಾಗದೆ ಸಾಹೇಬರು ಮಾವನ ತೋಳು ಹಿಡಿದೆಬ್ಬಿಸಿ ಮೆಟ್ಟಿಲಿನತ್ತ ನಡೆದರು. ಮಾವನ ಮೊಣಕಾಲಿಗೆ ಅವಸರ ತಿಳಿಯದು. ಒಂದೊಂದೇ ಮೆಟ್ಟಿಲು. ಎಲ್ಲರಿಗಿಂತ ಮುಂದೆ ಓಡಿದ ಮಗಳು ಬಾಗಿಲು ಬಡಿದಳು.

ಡಾಕ್ಟರಮ್ಮ ಬಾಗಿಲು ತೆಗೆದರು. ಅವರ ಹಿಂದೆ ದೊಡ್ಡ ಟಿವಿ, ಅದರಲ್ಲಿ ಬಣ್ಣಬಣ್ಣದ ಸೋಪಿನ ಜಾಹೀರಾತು.

"ಅಯ್ಯೋ, ಈಗಷ್ಟೇ ಮುಗೀತಲ್ಲ! ನಿಮ್ಮ ಮನೆಯವರು ಎಷ್ಟು ಚೆನ್ನಾಗಿ ಮಾಡಿದ್ರು ಗೊತ್ತಾ? ನೀವು ಮೇಲೆ ನೋಡ್ತಿದ್ದೀರಿ ಅಂದ್ಕೊಂಡೆ. ಕೊನೆಯಲ್ಲಿ ಅವರೊಬ್ಬರನ್ನೇ ಪರದೆ ತುಂಬ ತೋರಿಸಿದ್ರು. ನನಗೆ ಅರ್ಥ ಆಗಲಿಲ್ಲ, ಆದರೆ ಕಣ್ಣಲ್ಲಿ ನೀರು ತುಂಬ್ಕೊಂಡು ಹೀಗೆ ಮಾಡಿದ್ರು..."

ಎಂದು ಎಡ ಅಂಗೈ ಚಾಚಿ, ಬಲಗೈಯಿಂದ ಅದರೊಳಗಿನಿಂದ ಏನನ್ನೋ ಮೇಲಕ್ಕೆ ಎಳೆದು, ಎದೆಯ ಮೇಲೆ ಕೈ ಇಟ್ಟುಕೊಂಡರು. ಹಲ್ಲು ಕಿತ್ತಂತೆಯೇ ಇತ್ತು. ಆದರೆ ಮೆಟ್ಟಿಲ ಕೊನೆಯಲ್ಲಿದ್ದ ಮಾವ ಅಲ್ಲೇ ನಿಂತುಬಿಟ್ಟರು. ಮೊಮ್ಮಗಳತ್ತ ನೋಡಿದರು. ಅವಳು ಅಳುತ್ತ ತಲೆಯಾಡಿಸಿದಳು.

"ಅದು ತಾತನ ಹೆಸರು" ಎಂದಳು.

ಮಾವ ಡಾಕ್ಟರಮ್ಮನಿಗೆ ಇನ್ನೊಂದು ಸಲ ಮಾಡಿ ಎಂದು ಸನ್ನೆ ಮಾಡಿದರು. ಅವರು ಮಾಡಿದರು. ಮೂರು ಸಲ ಮಾಡಿಸಿಕೊಂಡರು. ಮಗಳು ಜಗತ್ತಿನೆದುರು ಹೇಳಿದ್ದನ್ನು ಅವರು ಬೇರೆಯವರ ತಪ್ಪು ಉಚ್ಚಾರದಲ್ಲಿ ಕೇಳಿಸಿಕೊಳ್ಳಬೇಕಾಯಿತು. ಪಕ್ಕದಲ್ಲಿ ನಿಂತ ಸಾಹೇಬರ ಕೈಯಲ್ಲಿ ಫೋನು ಇನ್ನೂ ಬೆಚ್ಚಗಿತ್ತು. ಅದರಲ್ಲೇ ನೋಡಿದ್ದರೆ ಹೆಂಡತಿ ಕಡಲೆಕಾಳಷ್ಟಾದರೂ ಕಾಣುತ್ತಿದ್ದಳು!

ಒಂದು ಗಂಟೆಗೆ ಹೆಂಡತಿ ಮುಖ ಅರಳಿಸಿಕೊಂಡು ಬಂದವರೇ ಸೀದಾ ಅಪ್ಪನ ಮುಂದೆ ನಿಂತರು. ಅಪ್ಪನ ಕೈಗಳು ಬಹಳ ಹೊತ್ತು ಮಾತಾಡಿದವು. ಸಾಹೇಬರಿಗೆ ಒಂದೂ ತಿಳಿಯಲಿಲ್ಲ. ನಡುವೆ ಮಾವನ ತೋರುಬೆರಳು ಗಾಳಿಯಲ್ಲಿ ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು ತಿರುಗಿತು. ಆಗ ಹೆಂಡತಿ ಗಂಡನತ್ತ ತಿರುಗಿದರು.

"ಫೋನ್ ಎಲ್ಲಿತ್ತು?"

"ಕೈಯಲ್ಲೇ ಇತ್ತು."

"ಕೈಯಲ್ಲೇ ಇತ್ತಾ?"

"ವಾರಂಟಿ..." ಎಂದರು ಸಾಹೇಬರು. ಬೈದಿದ್ದರೆ ಹಗುರಾಗುತ್ತಿತ್ತು. ಆಕೆ ಬೈಯಲಿಲ್ಲ. ಅಪ್ಪನ ಪಕ್ಕ ಕೂತು ಮಧ್ಯಾಹ್ನವೆಲ್ಲ ಕೈಯಲ್ಲೇ ಮಾತಾಡಿದರು. ಆ ಅರ್ಧ ನಿಮಿಷವನ್ನೂ ಮತ್ತೆ ಮಾಡಿ ತೋರಿಸಿದರು. ಆದರೆ ಅದರಲ್ಲಿ ಪರದೆ ಇರಲಿಲ್ಲ, ಜಗತ್ತು ಇರಲಿಲ್ಲ, ಅಚ್ಚರಿಯೂ ಇರಲಿಲ್ಲ. ತಮ್ಮದೇ ಮನೆಯ ಹಾಲಿನಲ್ಲಿ ಸಾಹೇಬರು ಭಾಷೆ ಬಾರದ ಪರದೇಶಿಯಂತೆ ಗೋಡೆಗೆ ಒರಗಿ ನಿಂತಿದ್ದರು.

ಕೊನೆಗೆ ಮಗಳನ್ನು ಬಾಲ್ಕನಿಗೆ ಕರೆದು, "ತಪ್ಪಾಯ್ತು ಅನ್ನೋದು ಹೇಗೆ?" ಎಂದು ಕೇಳಿದರು. ಅವಳು ತೋರಿಸಿದಳು. ಹತ್ತು ಸಲ ಅಭ್ಯಾಸ ಮಾಡಿ ಮಾವನ ಮುಂದೆ ಹೋಗಿ ಮಾಡಿದರು. ಮಾವ ಗಂಭೀರವಾಗಿ ನೋಡಿ, ಅಳಿಯನ ಕೈಯನ್ನು ಹಿಡಿದು, ಎರಡು ಬೆರಳನ್ನು ಸರಿಯಾಗಿ ಮಡಚಿ, ಮತ್ತೆ ಮಾಡು ಎಂದು ಸನ್ನೆ ಮಾಡಿದರು. ಸಾಹೇಬರು ಮತ್ತೆ ಮಾಡಿದರು.

ನಾಲ್ಕು ಗಂಟೆಗೆ ಕಡ್ಡಿ ತನ್ನಷ್ಟಕ್ಕೆ ತಾನೇ ಎಚ್ಚೆತ್ತು ಶೇಕಡಾ ನೂರು ಮುಟ್ಟಿತು. ಟಿವಿಯ ಮುಂದೆ ಯಾರೂ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಹೆಂಡತಿ ಅಡಿಗೆಮನೆಯ ಬಾಗಿಲಿಗೆ ಬಂದರು. ಕಾಫಿಗೆ ಗಂಡನನ್ನು ಕರೆಯಬೇಕು, ಬಾಯಿಬಿಟ್ಟು ಕರೆಯುವ ಮನಸ್ಸಿಲ್ಲ. ಸನ್ನೆಯಲ್ಲಾದರೂ ತನ್ನ ಹೆಸರು ಹಿಡಿದು ಕರೆಯಲಿ ಎಂದು ಸಾಹೇಬರು ಆಸೆಯಿಂದ ಮೀಸೆಯ ತುದಿಯನ್ನು ತುಸು ಮೇಲಕ್ಕೆ ಮಾಡಿಕೊಂಡರು. ಹೆಂಡತಿ ತೋರುಬೆರಳೆತ್ತಿ ಗಾಳಿಯಲ್ಲಿ ನಿಧಾನವಾಗಿ ಒಂದು ಉಂಗುರ ಬರೆದರು.

ಸಾಹೇಬರು ತಟ್ಟನೆ ಎದ್ದು ಅಡಿಗೆಮನೆಯತ್ತ ಹೊರಟರು.

"ಅಪ್ಪಾ!" ಮಗಳು ಕಿರುಚಿದಳು. "ತಾತ ಇಟ್ಟ ಹೊಸ ಹೆಸರು ಅದು! ಒಂದೇ ಸಲಕ್ಕೆ ಒಪ್ಕೊಂಡ್ಬಿಟ್ರಾ? ಇನ್ನೆರಡು ಕೊಟೇಶನ್ ಕೇಳಲ್ವಾ?"

"ಬೇಡಮ್ಮ," ಎಂದರು ಸಾಹೇಬರು ಮೀಸೆಯನ್ನು ಇಳಿಸಿಕೊಳ್ಳುತ್ತ, "ಇದಕ್ಕಿಂತ ಅಗ್ಗದ್ದು ನನಗೆಲ್ಲೂ ಸಿಗಲ್ಲ."