ಎರಡು ಜೊತೆ ಇಯರ್‌ಫೋನ್, ಒಂದು ರೂಮು

ನಮ್ಮವರು ಮತ್ತೆ ಕರೆದರು. "ಒಂದೇ ನಿಮಿಷ ಬಾರೇ, ಇದನ್ನ ಕಿವಿಗಿಟ್ಟುಕೊಂಡು ಹೇಳು." ನಾಲ್ಕು ಸಾಲು ಬರೆಯೋಣವೆಂದು ಕೂತರೂ ಅಷ್ಟೇ, ಚಪಾತಿ ಹಿಟ್ಟು ಕಲಸುತ್ತಿದ್ದರೂ ಅಷ್ಟೇ, ಮಗಳ ತಲೆಗೆ ಸೋಪು ಹಚ್ಚಿ ಅವಳು ಕಣ್ಣುರಿ ಎಂದು ಅರಚುತ್ತಿದ್ದರೂ ಅಷ್ಟೇ. ಕೈಗೆ ಬಿಡುವಿಲ್ಲ ಎಂದು ಎಲ್ಲ ಹೆಂಗಸರೂ ಹೇಳುತ್ತಾರೆ. ನಮ್ಮ ಮನೆಯಲ್ಲಿ ನನ್ನ ಕಿವಿಗೂ ಬಿಡುವಿಲ್ಲ.

ನಮ್ಮವರಿಗೆ ದಿಲ್ಲಿ ಪಕ್ಕದ ನೋಯ್ಡಾದಲ್ಲಿ ಕೆಲಸ, ಘಾಜಿಯಾಬಾದಿನ ಇಂದಿರಾಪುರಂನಲ್ಲಿ ಎರಡು ಬೆಡ್‌ರೂಮಿನ ಮನೆ. ಒಂದು ರೂಮಿನಲ್ಲಿ ನಾವು ಮೂವರು. ಮಗಳು ನಡುವೆ ಅಡ್ಡಡ್ಡ ಮಲಗಿ ಇಬ್ಬರಿಗೂ ಒದೆಯುತ್ತಾಳೆ. ಮೈಸೂರಿನಿಂದ ಬಂದಿರುವ ಅತ್ತೆ ಹಾಲಿನ ದಿವಾನ್ ಮೇಲೆ. ಇನ್ನೊಂದು ರೂಮಿನಲ್ಲಿ ಇಯರ್‌ಫೋನುಗಳು ಮಲಗುತ್ತವೆ.

ಇಯರ್‌ಫೋನ್ ಅಂದರೆ ಇವರಿಗೆ ಅವಮಾನ. ಇನ್-ಇಯರ್ ಮಾನಿಟರ್ ಅನ್ನಬೇಕಂತೆ. ಇವರದು ಮಧ್ಯಮ ಬೆಲೆಯದು, ಅದೇ ನಮ್ಮ ಮಿಕ್ಸಿಗಿಂತ ದುಬಾರಿ. ಭಾರಿ ಬೆಲೆಯದೊಂದು ಜೊತೆಯನ್ನು ಆಫೀಸಿನ ಗೆಳೆಯರೊಬ್ಬರು ಹೋಲಿಸಿ ನೋಡಲು ಕೊಟ್ಟಿದ್ದರು. ಅದಕ್ಕೆಷ್ಟು ಎಂದು ಕೇಳಿದೆ. ಇವರು ನೀರು ಕುಡಿಯಲು ಎದ್ದು ಹೋದರು.

ಆಗ ನಾನೊಂದು ಷರತ್ತು ಹಾಕಿದೆ. ಮನೆಯಲ್ಲಿ ಇವರನ್ನು ಬಿಟ್ಟು ಇನ್ನೊಬ್ಬರಿಗಾದರೂ ಎರಡರ ನಡುವೆ ವ್ಯತ್ಯಾಸ ಕೇಳಿಸಿದರೆ ದುಬಾರಿಯದನ್ನು ಕೊಳ್ಳಲಿ, ರೂಮನ್ನೂ ಇಟ್ಟುಕೊಳ್ಳಲಿ. ಯಾರಿಗೂ ಕೇಳಿಸದಿದ್ದರೆ ಡಬ್ಬಗಳನ್ನೆಲ್ಲ ಎತ್ತಿ ರೂಮನ್ನು ಅಜ್ಜಿ ಮೊಮ್ಮಗಳಿಗೆ ಬಿಟ್ಟುಕೊಡಬೇಕು. ಇವರು ಒಪ್ಪಿದರು. ಅತ್ತೆ ಅಡುಗೆಮನೆಗೆ ಬಂದು ಮೆಲ್ಲಗೆ, "ನಂಗೇನೂ ಕೇಳಿಸಲ್ಲ ಅಂದುಬಿಡ್ತೀನಿ. ದಿವಾನ್ ಮೇಲೆ ಮಲಗಿ ಸೊಂಟ ಹಿಡಿದುಹೋಗಿದೆ ಕಣೇ" ಎಂದರು.

ಫ್ರಿಜ್ಜಿನ ತಪ್ಪು

ಮೊದಲ ದಿನ ಹೋಲಿಕೆಗೆ ಕೂರುವ ಮುಂಚೆ ಮನೆಯ ಫ್ಯಾನುಗಳನ್ನೆಲ್ಲ ಆರಿಸಿದರು. ಕುಕ್ಕರ್ ಇಡಬಾರದೆಂದರು. ಕೊನೆಗೆ ಫ್ರಿಜ್ಜನ್ನೂ ಆರಿಸಿದರು.

"ಅದೇನು ಮಾಡಿತು?"

"ಗುಂಯ್ ಅನ್ನುತ್ತೆ."

"ಹೊರಗಿನ ಸದ್ದು ಒಳಗೆ ಬರದ ಹಾಗೆ ಕಿವಿ ಮುಚ್ಚುವುದೇ ಇದರ ಹೆಚ್ಚುಗಾರಿಕೆ ಅಂದಿರಲ್ಲ?"

"ನಿನಗೆ ಇದೆಲ್ಲ ಅರ್ಥ ಆಗಲ್ಲ."

ಹತ್ತನೆಯ ಕ್ಲಾಸಿಗೆ ಓದು ಬಿಟ್ಟವಳು, ನಿಜ, ಅರ್ಥವಾಗಲಿಲ್ಲ. ಮೊಸರು ತರಲು ನಾನು ಕೆಳಗೆ ಹೋದೆ. ಅತ್ತೆ ಸ್ನಾನಕ್ಕೆ ಹೋದರು. ಆಗಲೇ ಗ್ಯಾಸ್ ಸಿಲಿಂಡರಿನ ಭಯ್ಯಾ ಬಂದು ಬೆಲ್ ಒತ್ತಿ, ಬಾಗಿಲು ತಟ್ಟಿ, ಫೋನು ಮಾಡಿ, ಸಿಲಿಂಡರನ್ನು ವಾಪಸ್ ಹೊತ್ತುಕೊಂಡು ಹೋಗಿದ್ದ. ಗೇಟಿನ ಹತ್ತಿರ ಸಿಕ್ಕಿ, "ಭಾಭೀಜಿ, ಮನೆಯಲ್ಲಿ ಯಾರೂ ಇಲ್ಲ" ಎಂದ. ನಾನು ಇಲ್ಲ ಅನ್ನಲಿಲ್ಲ.

ಗರಿಗರಿ

ಒಂದು ದಿನ ಆಫೀಸಿನ ಆ ಗೆಳೆಯರೇ ದಿಲ್ಲಿಯ ಮಯೂರ್ ವಿಹಾರ್‌ನಿಂದ ಬಂದರು. ಅವರೂ ನಮ್ಮ ಕಡೆಯವರೇ, ದಾವಣಗೆರೆ. ಇಬ್ಬರೂ ಸರದಿಯಲ್ಲಿ ಎರಡನ್ನೂ ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿ ಕೂತರು. ನಾನು ದೋಸೆ ಹುಯ್ಯುತ್ತಿದ್ದೆ. ರೂಮಿನಿಂದ ಮಾತು ಕೇಳಿಸಿತು.

"ಮೇಲ್ಭಾಗ ಗರಿಗರಿಯಾಗಿದೆ."

"ಹೌದು, ಆದರೆ ಒಣಗಿಲ್ಲ. ನಡುವೆ ಮೆತ್ತಗೆ, ತುಂಬಿಕೊಂಡಿದೆ."

"ಅಂಚು ನೋಡಿ, ಎಷ್ಟು ನಾಜೂಕು. ನಮ್ಮದರಲ್ಲಿ ಅಂಚು ಸ್ವಲ್ಪ ಒರಟು."

ದೋಸೆಯ ತಟ್ಟೆಯನ್ನು ತಂದು ಇಬ್ಬರ ನಡುವೆ ಇಟ್ಟೆ. ಮದುವೆಯಾಗಿ ಬಂದ ದಿನದಿಂದ ಈ ಮನೆಯಲ್ಲಿ ದೋಸೆ ಹುಯ್ಯುತ್ತಿದ್ದೇನೆ. 'ಹೂಂ' ಬಿಟ್ಟು ಇನ್ನೊಂದು ಮಾತು ಕೇಳಿದವಳಲ್ಲ. ಅವತ್ತೂ ತಿಂದರು, "ಹೂಂ" ಅಂದರು.

ಲೆಕ್ಕಕ್ಕಿಲ್ಲದ ತೀರ್ಪು

ಮಗಳಿಗೆ ಐದು ವರ್ಷ. ನಾವು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಇವರು ಎರಡನ್ನೂ ಒಂದಾದ ಮೇಲೊಂದು ಅವಳ ಕಿವಿಗೆ ತುರುಕಿ, ಯಾವುದು ಚೆನ್ನಾಗಿದೆ ಎಂದು ಕೇಳಿದರು.

"ನೀಲಾ ವಾಲಾ."

ದುಬಾರಿಯದೇ ನೀಲಿ. ಇವರ ಮುಖ ಅರಳಿತು. ಹಾಗಾಗದು, ಅವಳ ಕಣ್ಣು ಮುಚ್ಚಿ ಇನ್ನೊಮ್ಮೆ ಕೇಳಿ ಎಂದು ಪಟ್ಟು ಹಿಡಿದೆ. ಕಣ್ಣು ಮುಚ್ಚಿ ಕೇಳಿದ್ದಕ್ಕೆ, "ಪಪ್ಪಾ, ದೋನೋಂ ಮೇ ಗುದ್‌ಗುದಿ" ಎಂದಳು. ಎರಡರಲ್ಲೂ ಕಚಗುಳಿ.

"ಮಗುವಿನ ಕಿವಿಗೆ ರಬ್ಬರು ಸರಿಯಾಗಿ ಕೂರಲ್ಲ. ಇದು ಲೆಕ್ಕಕ್ಕಿಲ್ಲ" ಎಂದರು. ನೀಲಿ ಅಂದಾಗ ಅದೇ ಕಿವಿಗೆ ಅದೇ ರಬ್ಬರು ಅದು ಹೇಗೋ ಕೂತಿತ್ತು.

ಎರಡು ತೊಟ್ಟು

ಭಾನುವಾರ ಅತ್ತೆ ಮಗನಿಗೆ ಎಣ್ಣೆ ನೀರು ಹಾಕಿದರು. ತಲೆಗೆ ತಟ್ಟಿ, ಬೆನ್ನಿಗೆ ತಿಕ್ಕಿ, ಕೊನೆಗೆ ಬೆಚ್ಚಗಿನ ಎಣ್ಣೆಯನ್ನು ಎರಡು ಕಿವಿಗೂ ಬಿಟ್ಟರು. ಮಗ ಬೇಡವೆಂದರೆ, "ದಿನವಿಡೀ ಅದೇನೇನೋ ತುರುಕಿಕೊಳ್ತೀಯ, ಒಣಗಿಹೋಗಿದೆ, ಸುಮ್ನಿರೋ" ಎಂದರು.

ಮಧ್ಯಾಹ್ನ ದುಬಾರಿಯದನ್ನು ಹಾಕಿಕೊಂಡು ಇವರ ಮುಖ ಸಪ್ಪಗಾಯಿತು. "ಏನೋ ಅಂದುಕೊಂಡಿದ್ದೆ. ಕಂಬಳಿ ಹೊದ್ದುಕೊಂಡು ಹಾಡಿದ ಹಾಗಿದೆ."

ನಾನು ಆಗಲೇ ಹೋಗಿ ಆ ರೂಮಿನಲ್ಲಿ ಮಗಳ ಮಂಚ ಎಲ್ಲಿ ಬರುತ್ತದೆಂದು ನೋಡಿದೆ. ಅಷ್ಟರಲ್ಲಿ ಇವರು ತಮ್ಮದನ್ನು ಹಾಕಿಕೊಂಡರು. ಅದಕ್ಕೂ ಕಂಬಳಿ. ಟಿವಿ ಹಾಕಿದರು, ಅದಕ್ಕೂ ಕಂಬಳಿ. ಆಗ ಗಾಬರಿಯಾಯಿತು. ನಾನು ಅಡುಗೆಮನೆಯಿಂದ ಕರೆದದ್ದೂ ಕೇಳಿಸಲಿಲ್ಲವಂತೆ. ಅದನ್ನು ಮಾತ್ರ ನಾನು ಕಾಯಿಲೆಗೆ ಸೇರಿಸಲಿಲ್ಲ.

ಕಿವಿ ಡಾಕ್ಟರು ಒಳಗೆ ಇಣುಕಿ ನೋಡಿ, ಎಣ್ಣೆಗೆ ಗುಗ್ಗೆ ನೆನೆದು ಉಬ್ಬಿದೆ, ತಾನು ಹೇಳುವವರೆಗೂ ಕಿವಿಯೊಳಗೆ ಏನನ್ನೂ ಇಡಬಾರದು ಎಂದರು. "ಇಯರ್‌ಫೋನ್?" ಎಂದು ಇವರು ಕೇಳಿದರು. ಡಾಕ್ಟರು ನನ್ನ ಮುಖ ನೋಡಿದರು. ಆ ನೋಟದಲ್ಲಿ ನನಗೆ ಬಹಳ ಸಮಾಧಾನ ಸಿಕ್ಕಿತು.

ಅತ್ತೆಯ ಹಾಡು

ಗೆಳೆಯರು ತಮ್ಮ ವಸ್ತು ವಾಪಸ್ ಕೇಳಿದರು. ಇವರ ಕಿವಿ ಇನ್ನೂ ತೆರೆದಿಲ್ಲ. ಇನ್ನು ತೀರ್ಪು ಕೊಡಬೇಕಾದವರು ನಾನು ಮತ್ತು ಅತ್ತೆ. "ನಿಮಗೆ ಗೊತ್ತಿರುವ ದನಿಯಲ್ಲೇ ಪರೀಕ್ಷೆ ಮಾಡೋಣ" ಎಂದು ಇವರು ಬೆಳಿಗ್ಗೆ ಅತ್ತೆಯನ್ನು ಆ ರೂಮಿನಲ್ಲಿ ಕೂರಿಸಿ, ಒಳ್ಳೆಯ ಮೈಕು ಇಟ್ಟು, ಫೋನಿನಲ್ಲಿ ಶ್ರುತಿ ಹಾಕಿ ಒಂದು ದೇವರನಾಮ ಹಾಡಿಸಿ ರೆಕಾರ್ಡ್ ಮಾಡಿಕೊಂಡರು. ನಾನು ಅಡುಗೆಮನೆಯಲ್ಲಿದ್ದೆ. ತುಮಕೂರಿನಿಂದ ಅಕ್ಕ ಫೋನು ಮಾಡಿದ್ದಳು.

ಸಂಜೆ ಮೊದಲು ನನ್ನ ಸರದಿ. ಮಧ್ಯಮ ಬೆಲೆಯದರಲ್ಲಿ ಅತ್ತೆ ಹಾಡಿದರು, ಫೋನಿನ ಶ್ರುತಿ ಕೇಳಿಸಿತು, ಹಿಂದೆ ಎಲ್ಲೋ ನಲ್ಲಿ ಬಿಟ್ಟ ಹಾಗೆ ಗೊಜಗೊಜ. ಸರಿ, ಇಷ್ಟೇ ತಾನೆ ಎಂದುಕೊಂಡೆ.

ದುಬಾರಿಯದನ್ನು ಹಾಕಿಕೊಂಡೆ. ಅತ್ತೆ ಉಸಿರೆಳೆದುಕೊಂಡದ್ದು ಕೇಳಿಸಿತು. ಬಳೆ ಸರಿದದ್ದು ಕೇಳಿಸಿತು. ಮೊದಲ ಸಾಲು ಮುಗಿದು ಅವರು ನಿಂತ ಕಡೆ, ಹಿಂದಿನಿಂದ ಒಂದು ದನಿ ಸ್ವಚ್ಛವಾಗಿ, ಒಂದಕ್ಷರವೂ ಬಿಡದೆ ಬಂತು:

"ಶುರು ಮಾಡಿದ್ರು ಕಣೇ. ಬಾಲ್ಕನಿಗೆ ಬಲೆ ಹಾಕಿಸೋದೇ ಬೇಡ, ಇವರು ಬಾಯಿ ತೆಗೆದ್ರೆ ಪಾರಿವಾಳ ತಾವೇ ಊರು ಬಿಡ್ತಾವೆ."

ನನ್ನದೇ ದನಿ. ಬೆಳಿಗ್ಗೆ ಅಕ್ಕನಿಗೆ ಫೋನಿನಲ್ಲಿ ಹೇಳಿದ್ದು. ಎರಡನೆಯ ಸಾಲು ಮುಗಿಯಿತು.

"ಶ್ರುತಿ ಈ ತುದಿ ಘಾಜಿಯಾಬಾದಲ್ಲಿದ್ರೆ ಇವರು ಆ ತುದಿ ಗುರುಗ್ರಾಮದಲ್ಲಿದಾರೆ. ಇರು, ಮೇಲಕ್ಕೆ ಹೋಗ್ತಾ ಇದಾರೆ... ಅಯ್ಯೋ, ಕುಕ್ಕರ್ ಕೂಗಿತು ಅಂದುಕೊಂಡೆ, ಇವರೇ."

ಕಿವಿಯಿಂದ ಕಿತ್ತೆ.

"ವ್ಯತ್ಯಾಸ ಇದೆಯೇನೇ?" ಎಂದು ಇವರು ಗಟ್ಟಿಯಾಗಿ ಕೇಳಿದರು. ಕಿವಿ ಮಂದವಾದಾಗಿನಿಂದ ಎಲ್ಲವನ್ನೂ ಗಟ್ಟಿಯಾಗಿಯೇ ಕೇಳುತ್ತಾರೆ. "ಇದ್ದರೆ ಇದೆ ಅನ್ನು. ಇಲ್ಲದಿದ್ದರೆ ಅಮ್ಮನೂ ಎರಡನ್ನೂ ಕೇಳಿಬಿಡಲಿ, ಅಲ್ಲಿಗೆ ರೂಮು ನಿಮ್ಮದು."

ಇದೆ ಅಂದರೆ ರೂಮು ಹೋಯಿತು. ಇಲ್ಲ ಅಂದರೆ ಈ ಇಯರ್‌ಫೋನು ನೇರ ಅತ್ತೆಯ ಕಿವಿಗೆ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಸೆರಗಿಗೆ ಕೈ ಒರೆಸಿಕೊಂಡು, ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿ, ನನ್ನ ಪಕ್ಕದಲ್ಲಿ ಕೂತರು. ನನಗೆ ಮಾತ್ರ ಕಾಣುವ ಹಾಗೆ ಕಣ್ಣು ಮಿಟುಕಿಸಿದರು. ಆಮೇಲೆ ನನ್ನ ಕೈಯಲ್ಲಿದ್ದ ಎರಡು ಜೊತೆಯನ್ನೂ ನೋಡಿ, ಸ್ವಲ್ಪ ನಾಚಿಕೊಂಡು ಕೇಳಿದರು:

"ನಾನು ಹಾಡಿದ್ದನ್ನ ನಾನೇ ಒಂದು ಸಲವೂ ಕೇಳಿದವಳಲ್ಲ ಕಣಮ್ಮ. ಹೇಳು, ಯಾವುದರಲ್ಲಿ ಚೆನ್ನಾಗಿ ಕೇಳಿಸುತ್ತೆ?"